ಎರಡು ಟ್ಯಾಂಕ್, ಒಂದು ಬೋರ್: ನನ್ನ ಪ್ರೋಗ್ರಾಮ್ 27ನೇ ನಿಮಿಷ ದಾಟುತ್ತಿಲ್ಲ

ದಾಳಿಂಬೆ_ಕುಷ್ಟಗಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆ ಕುಷ್ಟಗಿ ಹತ್ತಿರ ನಮ್ಮ ತೋಟ. ಒಂದೇ ಬೋರ್, ಎರಡು ಟ್ಯಾಂಕ್. ಒಂದು ಟ್ಯಾಂಕ್ ಕೊಟ್ಟಿಗೆಗೆ, ಇನ್ನೊಂದು ದಾಳಿಂಬೆ ಡ್ರಿಪ್‌ಗೆ. ಬೋರಿನ ಪೈಪಿಗೆ ಒಂದು ಮೋಟಾರ್ ವಾಲ್ವ್ ಹಾಕಿ, ನೀರು ಈ ಟ್ಯಾಂಕಿಗೋ ಆ ಟ್ಯಾಂಕಿಗೋ ತಾನೇ ತಿರುಗುವ ಹಾಗೆ ಮಾಡಬೇಕು ಅಂತ ಆಸೆ. ವಾಲ್ವ್ ಕೊಳ್ಳುವ ಮೊದಲು ಕಂಪ್ಯೂಟರಿನಲ್ಲಿ ಒಂದು ಸಲ ಓಡಿಸಿ ನೋಡೋಣ ಅಂತ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ.

ಲೆಕ್ಕ ಹೀಗಿದೆ. ಬೋರ್ ನಿಮಿಷಕ್ಕೆ 40 ಲೀಟರ್ ಕೊಡುತ್ತದೆ. ಬೆಳಿಗ್ಗೆ ಕೊಟ್ಟಿಗೆ ತೊಳೆಯುವ ಹೊತ್ತಿಗೆ ಆ ಟ್ಯಾಂಕಿನಿಂದ ನಿಮಿಷಕ್ಕೆ 20 ಲೀಟರ್ ಹೋಗುತ್ತದೆ, ಡ್ರಿಪ್ ಟ್ಯಾಂಕಿನಿಂದ 30. ಯಾವ ಟ್ಯಾಂಕೂ 200 ಲೀಟರಿಗಿಂತ ಕೆಳಗೆ ಇಳಿಯಬಾರದು. ಯಾವುದು 200ಕ್ಕೆ ಮುಟ್ಟಿತೋ ತಕ್ಷಣ ನೀರು ಅದರ ಕಡೆ ತಿರುಗಬೇಕು. ಶುರುವಿನಲ್ಲಿ ಕೊಟ್ಟಿಗೆ ಟ್ಯಾಂಕ್ 200ರಲ್ಲಿದೆ, ಡ್ರಿಪ್ ಟ್ಯಾಂಕ್ 470ರಲ್ಲಿ. ನೀರು ಕೊಟ್ಟಿಗೆ ಕಡೆ.

ಪ್ರೋಗ್ರಾಮ್ ಚೆನ್ನಾಗಿಯೇ ಶುರುವಾಗುತ್ತದೆ. ಆಮೇಲೆ ಸಮಯ 1620 ಸೆಕೆಂಡಿಗೆ ಅಂಟಿಕೊಂಡು ಕೂರುತ್ತದೆ. ಅಂದರೆ 27 ನಿಮಿಷ. ವಾಲ್ವ್ ಮಾತ್ರ ಆ ಕಡೆ ಈ ಕಡೆ, ಆ ಕಡೆ ಈ ಕಡೆ ಅಂತ ಸಾವಿರಾರು ಸಾಲು ಬರುತ್ತಲೇ ಇವೆ. ಲ್ಯಾಪ್‌ಟಾಪ್ ಫ್ಯಾನ್ ಗಿರಣಿ ಹಾಗೆ ಸದ್ದು ಮಾಡುತ್ತಿದೆ. ತಪ್ಪು ಎಲ್ಲಿದೆ?

ಒಗ್ಗರಣೆ_ಮಂಡಕ್ಕಿ

ಲ್ಯಾಪ್‌ಟಾಪ್ ಹಳೇದು ಅನ್ಸುತ್ತೆ ಅಣ್ಣಾ. ರ‍್ಯಾಮ್ ಜಾಸ್ತಿ ಹಾಕಿಸಿ ನೋಡಿ.

ಬಿಸಿಲೂರು_ಪಿಎಲ್‌ಸಿ

ರ‍್ಯಾಮ್ ಅಲ್ಲ. ಪ್ರತಿ ತಿರುವು ಯಾವ ನಿಮಿಷಕ್ಕೆ ಆಯಿತು ಅಂತ ಮೊದಲ ಹತ್ತು ಸಾಲು ಹಾಕಿ, ನೋಡೋಣ.

ದಾಳಿಂಬೆ_ಕುಷ್ಟಗಿ

ಹಾಕಿದೆ ಸರ್. ಒಂದು ತಿರುವಿಂದ ಇನ್ನೊಂದಕ್ಕೆ ಇರುವ ಅಂತರ: 9 ನಿಮಿಷ, 9 ನಿಮಿಷ, 3, 3, 1, 1, ಆಮೇಲೆ 20 ಸೆಕೆಂಡ್, 20 ಸೆಕೆಂಡ್, ಆಮೇಲೆ ಆರೂಮುಕ್ಕಾಲು ಸೆಕೆಂಡಿನ ಹತ್ತಿರ ಎರಡು ಸಲ... ಹೀಗೇ ಇಳಿಯುತ್ತಾ ಹೋಗುತ್ತದೆ.

ಲೆಕ್ಕದ_ಮೇಡಂ

ಬಳ್ಳಾರಿಯಿಂದ. ಈ ಅಂಕಿಗಳನ್ನು ನೋಡಿ ಖುಷಿಯಾಯಿತು, ನಿಮಗೆ ಬೇಜಾರಾಗಿದ್ದರೂ ಪರವಾಗಿಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ನೀವು ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತಿದೆ.

ಡ್ರಿಪ್ ಟ್ಯಾಂಕಿನಲ್ಲಿ 200ರ ಮೇಲೆ 270 ಲೀಟರ್ ಇದೆ. ನಿಮಿಷಕ್ಕೆ 30 ಹೋದರೆ 9 ನಿಮಿಷಕ್ಕೆ ಮುಗಿಯಿತು. ಅಷ್ಟರಲ್ಲಿ ಕೊಟ್ಟಿಗೆ ಟ್ಯಾಂಕಿಗೆ 40 ಬಂದು 20 ಹೋಗಿ, ನಿಮಿಷಕ್ಕೆ 20ರಂತೆ 180 ಲೀಟರ್ ಏರಿದೆ. ಈಗ ವಾಲ್ವ್ ತಿರುಗುತ್ತದೆ. ಆ 180 ಖಾಲಿಯಾಗಲು ಮತ್ತೆ 9 ನಿಮಿಷ. ಆ ಹೊತ್ತಿಗೆ ಡ್ರಿಪ್ ಟ್ಯಾಂಕ್ ಏರಿದ್ದು ನಿಮಿಷಕ್ಕೆ 10ರಂತೆ ಬರೀ 90. ಒಂದು ಸುತ್ತು ಮುಗಿಯಿತು, 270 ಇದ್ದದ್ದು 90 ಆಯಿತು. ಮುಂದಿನ ಸುತ್ತಿಗೆ 30, ಆಮೇಲೆ 10. ಪ್ರತಿ ಸುತ್ತೂ ಹಿಂದಿನದರ ಮೂರನೇ ಒಂದು ಭಾಗ.

ಸುತ್ತುಗಳ ಸಮಯ ಕೂಡಿಸಿ: 18 + 6 + 2 + ಮೂರನೇ ಎರಡು + ... ಇದು ಗುಣೋತ್ತರ ಶ್ರೇಢಿ. ಎಷ್ಟು ಪದ ಕೂಡಿಸಿದರೂ 27 ದಾಟುವುದಿಲ್ಲ. ಎಲ್ಲವನ್ನೂ ಕೂಡಿದರೆ ಸರಿಯಾಗಿ 27. ಕೊನೆಯಿಲ್ಲದ ಸಾಲಿಗೂ ಮೊತ್ತ ಇರಬಹುದು ಅನ್ನುವುದು ನಮ್ಮವರಿಗೆ ಹೊಸದೇನಲ್ಲ. ಕಾಲು, ಅದರ ಕಾಲು, ಅದರ ಕಾಲು ಹೀಗೆ ಕೂಡಿಸುತ್ತಾ ಹೋದರೆ ಮೂರನೇ ಒಂದು ಆಗುತ್ತದೆ ಅಂತ ಕೇರಳದ ನೀಲಕಂಠ ಸೋಮಯಾಜಿ ಐದು ಶತಮಾನದ ಹಿಂದೆಯೇ ವಿವರಿಸಿದ್ದಾರೆ.

ಹೀಗೆ ಸೀಮಿತ ಸಮಯದಲ್ಲಿ ಲೆಕ್ಕವಿಲ್ಲದಷ್ಟು ಹೆಜ್ಜೆ ಬಂದು ತುಂಬಿಕೊಳ್ಳುವುದಕ್ಕೆ ಝೀನೋ ನಡವಳಿಕೆ ಅನ್ನುತ್ತಾರೆ. ಮುಂದೆ ಹೊರಟ ಆಮೆಯನ್ನು ವೇಗದ ಓಟಗಾರ ಅಕಿಲೀಸ್ ಹಿಡಿಯಲಾರ ಅಂತ ವಾದ ಹೂಡಿದ ಗ್ರೀಸಿನ ಝೀನೋ ಇದ್ದನಲ್ಲ, ಅವನ ಹೆಸರು. ನಿಮ್ಮ ತೋಟ ಒಂದು ಹೈಬ್ರಿಡ್ ವ್ಯವಸ್ಥೆ. ನೀರಿನ ಮಟ್ಟ ನಿಧಾನಕ್ಕೆ ಬದಲಾಗುತ್ತದೆ, ವಾಲ್ವ್ ಒಂದೇ ಸಲಕ್ಕೆ ಜಿಗಿಯುತ್ತದೆ. ಎರಡೂ ಒಂದೇ ಮಾದರಿಯಲ್ಲಿ ಸೇರಿದಾಗ ಈ ಕಾಟ ಬರಬಹುದು.

ಬಿಸಿಲೂರು_ಪಿಎಲ್‌ಸಿ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಸಮಯ 1620ಕ್ಕೆ ಅಂಟಿಕೊಳ್ಳುವುದು ಯಾಕೆ ಅಂದರೆ, ಕಂಪ್ಯೂಟರಿನ ದಶಾಂಶ ಸಂಖ್ಯೆಗೆ ಸುಮಾರು 16 ಅಂಕಿ ಅಷ್ಟೇ ಜಾಗ. 1620ರ ಆಸುಪಾಸಿನಲ್ಲಿ ಅದು ಗುರುತಿಸಬಲ್ಲ ಅತಿ ಸಣ್ಣ ಅಂತರ ಒಂದು ಸೆಕೆಂಡಿನ ನಾಲ್ಕು ಲಕ್ಷ ಕೋಟಿಯಲ್ಲಿ ಒಂದು ಭಾಗ. ಪ್ರತಿ ಸುತ್ತಿಗೆ ಮೂರರಿಂದ ಭಾಗಿಸುತ್ತಾ ಹೋದರೆ 33 ಸುತ್ತಿಗೆಲ್ಲ, ಅಂದರೆ 66 ತಿರುವಿನ ಹೊತ್ತಿಗೆ, ಅಲ್ಲಿಗೆ ಮುಟ್ಟುತ್ತೀರಿ. ಅಲ್ಲಿಂದಾಚೆ ಕೂಡಿಸಿದರೂ ಸಮಯ ಮುಂದೆ ಹೋಗುವುದಿಲ್ಲ. ಸಮುದ್ರಕ್ಕೆ ಒಂದು ಹನಿ ಹಾಕಿ ಮಟ್ಟ ಅಳೆದ ಹಾಗೆ.

ಸಿಮ್ಯುಲಿಂಕ್ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರಿನಲ್ಲಿ ಮಾಡಿದ್ದರೆ ಅದೇ ಬೈದು ನಿಲ್ಲಿಸುತ್ತಿತ್ತು. ಒಂದಾದ ಮೇಲೊಂದು ಸೊನ್ನೆ ದಾಟುವಿಕೆ (ಅಂದರೆ ಹೀಗೆ ಗೆರೆ ಮುಟ್ಟುವುದು) 1000 ಮೀರಿದರೆ ಸಾಕು ಅಂತ ಅದಕ್ಕೆ ಮೊದಲೇ ಮಿತಿ ಇಟ್ಟಿರುತ್ತಾರೆ.

ಒಗ್ಗರಣೆ_ಮಂಡಕ್ಕಿ

ರ‍್ಯಾಮ್ ಮಾತು ವಾಪಸ್ ತಗೊಂಡೆ. ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ ನಾನು, ನಾಚಿಕೆ ಆಗ್ತಿದೆ.

ಆದರೆ ಇದೆಲ್ಲ ಯಾಕೆ? 0.1 ಸೆಕೆಂಡಿನ ಹೆಜ್ಜೆ ಇಟ್ಟು ಓಡಿಸಿ. ಪ್ರತಿ ಹೆಜ್ಜೆಗೆ ಒಂದೇ ಸಲ ವಾಲ್ವ್ ನೋಡಿ. ನಿಲ್ಲೋ ಮಾತೇ ಇಲ್ಲ.

ದಾಳಿಂಬೆ_ಕುಷ್ಟಗಿ

ಮಾಡಿದೆ ತಮ್ಮಾ, ದಾಟಿತು! 40ನೇ ನಿಮಿಷದವರೆಗೆ ಓಡಿಸಿದೆ. ಆದರೆ ಉತ್ತರ ವಿಚಿತ್ರವಾಗಿದೆ. 27ರ ನಂತರ ಕೊಟ್ಟಿಗೆ ಟ್ಯಾಂಕ್ 200ರ ಹತ್ತಿರವೇ ನಿಂತಿದೆ. ಡ್ರಿಪ್ ಟ್ಯಾಂಕ್ ಮಾತ್ರ ಇಳಿದು ಇಳಿದು 70 ಲೀಟರಿಗೆ ಬಂತು. ವಾಲ್ವ್ ಪ್ರತಿ 0.1 ಸೆಕೆಂಡಿಗೆ ತಿರುಗುತ್ತಿದೆ. ಒಂದಕ್ಕೆ ನಷ್ಟವೇ ಇಲ್ಲ, ಇನ್ನೊಂದಕ್ಕೆ ಪೂರ್ತಿ ನಷ್ಟ. ನಾನು ಹಾಗೆ ಎಲ್ಲೂ ಬರೆದಿಲ್ಲವಲ್ಲ?

ಬಿಸಿಲೂರು_ಪಿಎಲ್‌ಸಿ

ಕುತೂಹಲಕ್ಕೆ ನಾನೂ ಓಡಿಸಿದೆ. ನಾನು ನಿಯಮ ಸ್ವಲ್ಪ ಬದಲಿಸಿ, ಯಾವ ಟ್ಯಾಂಕ್ ಕೆಳಗಿದೆಯೋ ಅದಕ್ಕೆ ನೀರು ಅಂದೆ. ನನಗೆ 40ನೇ ನಿಮಿಷಕ್ಕೆ ಎರಡೂ 135ರ ಸುತ್ತ ಬಂದವು. ನಿಮ್ಮದು 200 ಮತ್ತು 70, ನನ್ನದು 135 ಮತ್ತು 135. ಯಾವುದು ಸರಿ?

ಕೊನೆಭಾಗ_ಮಾನ್ವಿ

ನಡುವೆ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಪೈಥಾನ್ ಗೊತ್ತಿಲ್ಲ. ಕೂಡಿಸೋದು ಕಳೆಯೋದು ಗೊತ್ತು. ಬರೋದು 40. ಹೋಗೋದು 20 ಮತ್ತು 30, ಅಂದರೆ 50. ನಿಮಿಷಕ್ಕೆ 10 ಲೀಟರ್ ಕಡಿಮೆ. ಮೊದಲು ಜಾಸ್ತಿ ಇದ್ದದ್ದು 270. ಹತ್ತರಂತೆ ಕಳೆದರೆ 27 ನಿಮಿಷ. ಇಬ್ಬರದ್ದೂ ಕೂಡಿಸಿ ನೋಡಿ, 270ಕ್ಕೆ 270 ಸರಿ ಇದೆ. ನೀರಿನ ಲೆಕ್ಕದಲ್ಲಿ ಇಬ್ಬರೂ ತಪ್ಪಿಲ್ಲ.

ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗ. ನೀರು ಕಡಿಮೆ ಬಂದ ವರ್ಷ ಪಾಳಿ ಹಾಕುತ್ತಾರೆ. ನಾಲ್ಕು ದಿನ ಈ ಉಪಕಾಲುವೆಗೆ, ನಾಲ್ಕು ದಿನ ಆ ಉಪಕಾಲುವೆಗೆ ಅಂತ. ಬೆಳೆ ಒಣಗಲಿಕ್ಕೆ ಶುರುವಾದಾಗ ಜನ ಗದ್ದಲ ಮಾಡುತ್ತಾರೆ. ನಾಲ್ಕು ದಿನ ಬೇಡ, ಎರಡು ದಿನ ಮಾಡಿ. ಎರಡು ಬೇಡ, ಒಂದು ಮಾಡಿ. ಪಾಳಿ ಸಣ್ಣದಾದರೆ ಎಲ್ಲರಿಗೂ ಸಿಗುತ್ತದೆ ಅಂತ ಅನ್ನಿಸುತ್ತದೆ. ತೂಬು ಎಷ್ಟು ಸಲ ತೆಗೆದು ಮುಚ್ಚಿದರೂ ನಾಲೆಯಲ್ಲಿ ಇರೋದು ಅಷ್ಟೇ ನೀರು. ಇನ್ನೊಂದು, ಒಣ ಕಾಲುವೆಗೆ ನೀರು ಬಿಟ್ಟ ಕೂಡಲೇ ಹೊಲಕ್ಕೆ ಬರೋದಿಲ್ಲ. ಮೊದಲು ಕಾಲುವೆ ಕುಡಿಯುತ್ತದೆ. ಪಾಳಿ ತೀರಾ ಸಣ್ಣದಾದರೆ ಕಾಲುವೆ ಕುಡಿದದ್ದೇ ಬಂತು.

ನಿಮ್ಮ ಕಂಪ್ಯೂಟರ್ ಮಾಡ್ತಿರೋದೂ ಅದೇ ಅಲ್ವಾ? ನೀರು ಸಾಲೋದಿಲ್ಲ ಅಂತ ಹೇಳಲು ಅದಕ್ಕೆ ನೀವು ಬಾಯಿ ಕೊಟ್ಟಿಲ್ಲ. ಎರಡೂ 200ರ ಕೆಳಗೆ ಹೋಗಬಾರದು ಅಂದಿದ್ದೀರಿ. ಪಾಪ, ಅದು ಪಾಳಿ ಸಣ್ಣದು ಮಾಡುತ್ತಾ ಮಾಡುತ್ತಾ ಅಲ್ಲೇ ಒದ್ದಾಡುತ್ತಿದೆ.

ಲೆಕ್ಕದ_ಮೇಡಂ

ಕಾಕಾ, ನಾನು ತರಗತಿಯಲ್ಲಿ ಒಂದು ಗಂಟೆ ತಗೊಂಡು ಹೇಳುವುದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟಿರಿ. ಒಳಬರುವುದು ಒಂದೊಂದು ಟ್ಯಾಂಕಿನ ಖರ್ಚಿಗಿಂತ ಜಾಸ್ತಿ, ಎರಡರ ಒಟ್ಟು ಖರ್ಚಿಗಿಂತ ಕಡಿಮೆ. ಈ ಎರಡೂ ಮಾತು ಸೇರಿದಾಗಲೇ ಎರಡು ಟ್ಯಾಂಕಿನ ಮಾದರಿ ಝೀನೋ ಆಗುತ್ತದೆ.

ಈಗ ಯಾವುದು ಸರಿ ಅನ್ನುವ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ರುಚಿಯಾದ ಭಾಗ. ಪುಟಿಯುವ ಚೆಂಡನ್ನು ಮೊದಲು ನೋಡಿ. 5 ಮೀಟರ್ ಎತ್ತರದಿಂದ ಬಿಡಿ, ಗುರುತ್ವ ಸುಮ್ನೆ 10 ಅಂತ ಇಟ್ಟುಕೊಳ್ಳಿ. ಒಂದು ಸೆಕೆಂಡಿಗೆ ನೆಲ ಮುಟ್ಟುತ್ತದೆ. ಪ್ರತಿ ಸಲ ಅರ್ಧ ವೇಗದಲ್ಲಿ ಮೇಲೇಳುತ್ತದೆ ಅನ್ನಿ. ಮುಂದಿನ ಹಾರಾಟ 1 ಸೆಕೆಂಡ್, ಆಮೇಲೆ ಅರ್ಧ, ಕಾಲು... ಒಟ್ಟು 3 ಸೆಕೆಂಡಿನಲ್ಲಿ ಎಣಿಸಲಾಗದಷ್ಟು ಪುಟಿತ. ಆದರೆ 3 ಸೆಕೆಂಡಿನ ಆಚೆ ಏನು ಅಂತ ಯಾರೂ ಜಗಳ ಆಡುವುದಿಲ್ಲ. ಎತ್ತರ ಸೊನ್ನೆಗೆ ಬಂತು, ವೇಗವೂ ಸೊನ್ನೆಗೆ ಬಂತು. ಚೆಂಡು ನೆಲದ ಮೇಲೆ ಕೂತಿದೆ. ಪ್ರೋಗ್ರಾಮಿನಲ್ಲಿ ವೇಗ ಇಷ್ಟಕ್ಕಿಂತ ಕಡಿಮೆಯಾದರೆ ನಿಂತಿತು ಅಂತ ಒಂದು ಸಾಲು ಬರೆದರೆ ಮುಗಿಯಿತು.

ಟ್ಯಾಂಕು ಹಾಗಲ್ಲ. 27ರ ಹತ್ತಿರ ಬಂದ ಹಾಗೆ ನೀರಿನ ಮಟ್ಟ 200, 200 ಅಂತ ಒಂದು ಕಡೆ ನೆಲೆಗೊಳ್ಳುತ್ತದೆ. ವಾಲ್ವ್ ನೆಲೆಗೊಳ್ಳುವುದಿಲ್ಲ. 27ನೇ ನಿಮಿಷಕ್ಕೆ ಅದು ಯಾವ ಕಡೆ ಇದೆ? ಥಾಮ್ಸನ್ ಅನ್ನುವ ತತ್ವಜ್ಞಾನಿ 1954ರಲ್ಲಿ ಒಂದು ದೀಪದ ಬಗ್ಗೆ ಇದೇ ಕೇಳಿದ್ದ. ಒಂದು ನಿಮಿಷಕ್ಕೆ ಹಚ್ಚು, ಅರ್ಧ ನಿಮಿಷಕ್ಕೆ ಆರಿಸು, ಕಾಲು ನಿಮಿಷಕ್ಕೆ ಹಚ್ಚು. ಎರಡು ನಿಮಿಷ ಮುಗಿದಾಗ ದೀಪ ಉರಿಯುತ್ತಿದೆಯಾ, ಆರಿದೆಯಾ? ಕೊಟ್ಟ ನಿಯಮದಲ್ಲಿ ಉತ್ತರವೇ ಇಲ್ಲ. ನಿಯಮ ಹೇಳುವುದು ಎರಡು ನಿಮಿಷದ ಒಳಗಿನ ಕತೆ ಮಾತ್ರ.

ಹಾಗಾಗಿ 27ರ ಆಚೆಗೆ ದಾಟಬೇಕು ಅಂದರೆ ಮಾದರಿಗೆ ನೀವೇ ಏನಾದರೂ ಸೇರಿಸಬೇಕು. ಏನು ಸೇರಿಸುತ್ತೀರೋ ಅದರ ಮೇಲೆ ಮುಂದಿನ ಕತೆ. ಇದಕ್ಕೆ ಚೆಂಡು ಮತ್ತು ಎರಡು ಟ್ಯಾಂಕಿನದೇ ಉದಾಹರಣೆ ಇಟ್ಟುಕೊಂಡು ಜೊಹಾನ್ಸನ್, ಎಗರ್‌ಸ್ಟೆಟ್, ಲೈಗೆರೋಸ್ ಮತ್ತು ನಮ್ಮ ಶಂಕರ್ ಶಾಸ್ತ್ರಿ 1999ರಲ್ಲಿ ಕೆಲಸ ಮಾಡಿದ್ದಾರೆ. ಕುಷ್ಟಗಿಯವರು ಸಮಯದ ಹೆಜ್ಜೆ ಸೇರಿಸಿದರು. 27ರ ನಂತರ ವಾಲ್ವ್ ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ. ನೀರು ಸರಿ ಅರ್ಧ ಹಂಚಿಕೆ, 20 ಮತ್ತು 20. ಕೊಟ್ಟಿಗೆಗೆ ಬೇಕಾದ್ದು 20, ಸರಿಹೋಯಿತು. ಡ್ರಿಪ್‌ಗೆ 30 ಬೇಕಿತ್ತು, 10 ಕಡಿಮೆ. ಬಿಸಿಲೂರಿನವರು ಮಟ್ಟ ನೋಡಿ ಹಂಚಿದರು. ಅಲ್ಲಿ ಕೊಟ್ಟಿಗೆಗೆ 15, ಡ್ರಿಪ್‌ಗೆ 25 ಹೋಗಿ ಇಬ್ಬರಿಗೂ 5 ಕಡಿಮೆ. ಹೆಜ್ಜೆ 0.1 ಬದಲು 0.001 ಮಾಡಿ ನೋಡಿ, ಈ ವ್ಯತ್ಯಾಸ ಹೋಗುವುದಿಲ್ಲ.

ದಾಳಿಂಬೆ_ಕುಷ್ಟಗಿ

ಮೇಡಂ, ಮೈ ಜುಮ್ ಅಂತು. ಅಂದರೆ ಬರದ ಪಾಲನ್ನು ಯಾರಿಗೆ ಹಾಕಬೇಕು ಅನ್ನೋದನ್ನ ನನ್ನ 0.1 ಸೆಕೆಂಡ್ ತೀರ್ಮಾನ ಮಾಡಿಬಿಟ್ಟಿದೆ. ನನಗೆ ಗೊತ್ತೇ ಆಗದ ಹಾಗೆ.

ಗಂಗಾವತಿ_ವೈರಿಂಗ್

ಕಂಪ್ಯೂಟರ್ ಅಂಟಿಕೊಂಡರೆ ಪರವಾಗಿಲ್ಲ, ನಿಜವಾದ ಮಷಿನ್ ಅಂಟಿಕೊಂಡರೆ ಕಷ್ಟ. ನಾನು ನೋಡಿದ್ದು ಹೇಳ್ತೀನಿ. ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ನೀರು ಕೊಡುವ ಪಂಪು. ಹೊಸದಾಗಿ ಮಟ್ಟ ನೋಡುವ ಡಿಜಿಟಲ್ ಕಂಟ್ರೋಲರ್ ಹಾಕಿದ್ದರು. ಆನ್ ಆಗುವ ಮಟ್ಟ, ಆಫ್ ಆಗುವ ಮಟ್ಟ ಎರಡನ್ನೂ ಯಾರೋ ಒಂದೇ ಅಂಕಿ ಇಟ್ಟಿದ್ದರು. ನೀರು ಆ ಗೆರೆ ಮುಟ್ಟಿದ ಕೂಡಲೇ ಪ್ಯಾನಲ್ ಒಳಗೆ ಟಕ್, ಟಕ್, ಟಕ್. ನಾನು ಬಾಗಿಲು ತೆಗೆದಾಗ ಟರ್‌ರ್‌ರ್ ಅಂತ ಒಂದೇ ಸಮ ಸದ್ದು, ಹೊಲಿಗೆ ಮಷಿನ್ ಹಾಗೆ. ಸುಟ್ಟ ಬೇಕಲೈಟ್ ವಾಸನೆ. ಕೈ ಹಾಕುವ ಮೊದಲೇ ಸದ್ದು ನಿಂತಿತು. ಸರಿಹೋಗಿ ನಿಂತದ್ದಲ್ಲ, ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಿನ (ಕಾಂಟ್ಯಾಕ್ಟರ್) ಪಾಯಿಂಟ್ ಬೆಸುಗೆ ಹಾಕಿದ ಹಾಗೆ ಕೂಡಿಕೊಂಡು ಪಂಪು ಆನ್‌ನಲ್ಲೇ ಉಳಿದುಬಿಟ್ಟಿತ್ತು. ಮೇನ್ ಇಳಿಸಬೇಕಾಯಿತು.

ಮೇಡಂ ಕೇಳಿದರಲ್ಲ ವಾಲ್ವ್ ಕೊನೆಗೆ ಯಾವ ಕಡೆ ಇರುತ್ತದೆ ಅಂತ. ನನ್ನ ಅನುಭವದಲ್ಲಿ ಅಂಟಿಕೊಂಡ ಕಡೆ.

ಲೆಕ್ಕದ_ಮೇಡಂ

ನಕ್ಕು ಸಾಕಾಯಿತು. ಒಂದು ಸಣ್ಣ ತಿದ್ದುಪಡಿ ಮಾತ್ರ: ನಿಮ್ಮ ಗಿರಣಿಯದು ಝೀನೋದ ಹತ್ತಿರದ ನೆಂಟ. ಕಾಗದದ ಮೇಲೆ ಅಲ್ಲಿ ಎರಡು ತಿರುವಿನ ನಡುವೆ ಸಮಯವೇ ಇಲ್ಲ, ಗೆರೆಯ ಮೇಲೆ ಬಂದ ಕೂಡಲೇ ಅದುರಾಟ. ಟ್ಯಾಂಕಿನಲ್ಲಿ ಪ್ರತಿ ತಿರುವಿಗೂ ಸ್ವಲ್ಪ ಸಮಯ ಇದೆ, ಆದರೆ ಅದು ಸವೆಯುತ್ತಾ ಹೋಗುತ್ತದೆ. ಮದ್ದು ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಒಗ್ಗರಣೆ_ಮಂಡಕ್ಕಿ

ಮೇಡಂ, ಒಂದು ತಲೆಹರಟೆ ಪ್ರಶ್ನೆ. 27 ನಿಮಿಷದಲ್ಲಿ ಕೊನೆಯಿಲ್ಲದಷ್ಟು ಹೆಜ್ಜೆ ಹಾಕಬಹುದಾದರೆ, ಒಂದು ಪ್ರೋಗ್ರಾಮ್ ಯಾವತ್ತಾದರೂ ನಿಲ್ಲುತ್ತದಾ ಇಲ್ಲವಾ ಅಂತ ಟ್ಯಾಂಕ್ ಇಟ್ಟುಕೊಂಡೇ ಕಂಡುಹಿಡಿಯಬಹುದಲ್ಲ? ಪ್ರತಿ ತಿರುವಿಗೆ ಒಂದು ಹೆಜ್ಜೆ ಓಡಿಸಿ, 27ನೇ ನಿಮಿಷಕ್ಕೆ ಹೋಗಿ ನೋಡಿದರಾಯಿತು. ಗಣಿತಜ್ಞ ಟ್ಯೂರಿಂಗ್ 1936ರಲ್ಲಿ ಆಗಲ್ಲ ಅಂದಿದ್ದು ಕುಷ್ಟಗಿಯಲ್ಲಿ ಆಗುತ್ತೆ!

ಲೆಕ್ಕದ_ಮೇಡಂ

ತಲೆಹರಟೆ ಅಲ್ಲ, ಇದನ್ನು ಗಂಭೀರವಾಗಿ ಬರೆದವರೇ ಇದ್ದಾರೆ. ಅಸಾರಿನ್ ಮತ್ತು ಮಾಲರ್ 1995ರಲ್ಲಿ ತೋರಿಸಿದ್ದು ಇದನ್ನೇ. ನಿಮ್ಮ ಟ್ಯಾಂಕಿನ ಹಾಗೆ ಒಂದೊಂದು ವಲಯದಲ್ಲಿ ಒಂದೊಂದು ಸ್ಥಿರ ವೇಗದಲ್ಲಿ ಚಲಿಸುವ ಸರಳ ವ್ಯವಸ್ಥೆ ಸಾಕು, ಝೀನೋಗೆ ಅವಕಾಶ ಕೊಟ್ಟರೆ ಟ್ಯೂರಿಂಗ್ ಯಂತ್ರದ, ಅಂದರೆ ಸಾಮಾನ್ಯ ಕಂಪ್ಯೂಟರಿನ, ಕೈಲಾಗದ ಲೆಕ್ಕವನ್ನೂ ಅದು ಕಾಗದದ ಮೇಲೆ ಮಾಡುತ್ತದೆ. ಎರಡು ಟ್ಯಾಂಕ್ ಸಾಲದು, ಇನ್ನೂ ಬೇಕು. ಆದರೆ ಅದಕ್ಕೆ ನೀರಿನ ಮಟ್ಟವನ್ನು ಕೊನೆಯಿಲ್ಲದ ಅಂಕಿಗಳವರೆಗೆ ಕರಾರುವಾಕ್ಕಾಗಿ ಅಳೆಯಬೇಕು. ನಿಮ್ಮ ಫ್ಲೋಟ್ ಸ್ವಿಚ್ಚಿಗೆ ಒಂದು ಸೆಂಟಿಮೀಟರ್ ಹಿಂದೆ ಮುಂದೆ ಆಗುತ್ತದಲ್ಲ, ಅಲ್ಲಿಗೆ ಟ್ಯೂರಿಂಗ್ ಗೆದ್ದ.

ನನಗೆ ಇದರಿಂದ ತಿಳಿಯುವುದು ಒಂದೇ. ಮಾದರಿ ಇಷ್ಟು ಬಲಶಾಲಿ ಆಯಿತು ಅಂದರೆ ಅದರಲ್ಲಿ ಏನೋ ಸುಳ್ಳು ಸೇರಿಕೊಂಡಿದೆ ಅಂತ ಅನುಮಾನ ಪಡಬೇಕು.

ಬಿಸಿಲೂರು_ಪಿಎಲ್‌ಸಿ

ಕೆಲಸಕ್ಕೆ ಬರೋಣ. ಕುಷ್ಟಗಿ ತಮ್ಮಾ, ನಿನ್ನ ಮೋಟಾರ್ ವಾಲ್ವ್ ಆ ಕಡೆಯಿಂದ ಈ ಕಡೆ ತಿರುಗಲು ಎಷ್ಟು ಹೊತ್ತು ತಗೊಳ್ಳುತ್ತೆ? ಸುಮಾರು 8 ಸೆಕೆಂಡ್ ಅಂತ ಇಟ್ಟುಕೋ. ಅಂದರೆ ಆರೂಮುಕ್ಕಾಲು ಸೆಕೆಂಡಿನ ಸುತ್ತಿಗೆ ಬಂದಾಗ ನಿನ್ನ ಮಾದರಿ ಆಗಲೇ ಸುಳ್ಳು ಹೇಳುತ್ತಿದೆ. ಹಿಂದಿನ ತಿರುವು ಮುಗಿದೇ ಇಲ್ಲ, ಮುಂದಿನದು ಬಂತು. ಎಂಟು ತಿರುವಿನವರೆಗೆ ನಂಬು, ಆಮೇಲೆ ನಂಬಬೇಡ.

ಆನ್ ಆಗುವ ಮಟ್ಟ ಮತ್ತು ಆಫ್ ಆಗುವ ಮಟ್ಟದ ನಡುವೆ ಧಾರಾಳ ಅಂತರ ಇಡು. ಒಂದು ಸಲ ತಿರುಗಿದ ಮೇಲೆ ಒಂದು ನಿಮಿಷ ತಿರುಗಬಾರದು ಅಂತ ಟೈಮರ್ ಹಾಕು. ಮೂರನೆಯದು, ಕಾಕಾ ಹೇಳಿದ್ದು. ನೀರು ಸಾಲದೆ ಹೋದರೆ ಏನು ಮಾಡಬೇಕು ಅನ್ನುವುದನ್ನು ನೀನೇ ಬರೆ.

ಪ್ರೋಗ್ರಾಮಿಗೂ ಒಂದು ಕಾವಲು ಹಾಕು. ಸುತ್ತಿನ ಅಂತರಗಳು ಒಂದೇ ಅನುಪಾತದಲ್ಲಿ ಇಳಿಯುತ್ತಿವೆಯಾ ನೋಡಲಿ. ಇಳಿಯುತ್ತಿದ್ದರೆ ಶ್ರೇಢಿಯ ಮೊತ್ತ ಕಟ್ಟಿ, 27ನೇ ನಿಮಿಷಕ್ಕೆ ನೀರಿನ ಲೆಕ್ಕ ಮುಗಿಯುತ್ತದೆ ಅಂತ ಮೊದಲೇ ಹೇಳಿ ನಿಲ್ಲಲಿ. ಸುಮ್ನೆ ಫ್ಯಾನ್ ಓಡಿಸುವುದು ಯಾಕೆ.

ಕೊನೆಭಾಗ_ಮಾನ್ವಿ

ದನಗಳಿಗೆ ಮೊದಲು. ಗಿಡ ಅರ್ಧ ಗಂಟೆ ಕಾಯುತ್ತದೆ.

ದಾಳಿಂಬೆ_ಕುಷ್ಟಗಿ

ಎಂಟು ದಿನ ಸುದ್ದಿ ಇಲ್ಲ ಅಂತ ಬೈಕೋಬೇಡಿ. ವಾಲ್ವ್ ಬರೋದು ತಡವಾಯಿತು, ಬಂದ ಮೇಲೆ ಎರಡು ದಿನ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಿತ್ತು.

ಹೊಸ ನಿಯಮ ಹೀಗೆ ಮಾಡಿದ್ದೇನೆ. ಕೊಟ್ಟಿಗೆ ಟ್ಯಾಂಕ್ 200ಕ್ಕೆ ಇಳಿದರೆ ನೀರು ಅದಕ್ಕೆ, 260 ಆಗುವವರೆಗೆ. ಆಮೇಲೆ ಡ್ರಿಪ್ ಟ್ಯಾಂಕಿಗೆ. ಡ್ರಿಪ್ ಟ್ಯಾಂಕ್ 120ಕ್ಕೆ ಬಂದರೆ ಡ್ರಿಪ್ಪೇ ಬಂದ್, 300 ತುಂಬಿದ ಮೇಲೆ ಶುರು. ಕಂಪ್ಯೂಟರಿನಲ್ಲಿ ವಾಲ್ವ್ ಮೂರು ನಿಮಿಷಕ್ಕೊಂದು ಸಲ ತಿರುಗಿತು. 31 ನಿಮಿಷ 40 ಸೆಕೆಂಡಿಗೆ ಡ್ರಿಪ್ ಬಂದ್ ಆಯಿತು. ಅಷ್ಟರಲ್ಲಿ 10 ತಿರುವು.

ಇವತ್ತು ಬೆಳಿಗ್ಗೆ ತೋಟದಲ್ಲಿ ನೋಡಿದೆ. ಅವ್ವ ಕೊಟ್ಟಿಗೆ ತೊಳೆಯುತ್ತಿದ್ದಳು, ನಾನು ವಾಲ್ವ್ ಪಕ್ಕ ಕಲ್ಲಿನ ಮೇಲೆ ಮೊಬೈಲ್ ಹಿಡಿದು ಕೂತಿದ್ದೆ. ತಿರುಗುವಾಗ ಸಣ್ಣಗೆ ಗೊರಗೊರ ಅನ್ನುತ್ತದೆ. ಎಣಿಸಿದೆ, 10. ಡ್ರಿಪ್ ನಿಂತದ್ದು 34ನೇ ನಿಮಿಷಕ್ಕೆ. ಬೋರ್ ಇವತ್ತು ಸ್ವಲ್ಪ ಜಾಸ್ತಿ ಕೊಟ್ಟಿರಬೇಕು.

ಒಗ್ಗರಣೆ_ಮಂಡಕ್ಕಿ

ಕೊನೆಯಿಲ್ಲದ ಹೆಜ್ಜೆಯಿಂದ ಹತ್ತಕ್ಕೆ ಇಳಿಸಿದ್ರಲ್ಲ ಅಣ್ಣಾ! ಕೋಡ್ ಹಾಕಿ, ನನ್ನ ಪ್ರಾಜೆಕ್ಟಿಗೆ ಬೇಕು.

ಗಂಗಾವತಿ_ವೈರಿಂಗ್

ಕೋಡ್ ಆಮೇಲೆ. ಆ ವಾಲ್ವ್ ಬಾಕ್ಸಿಗೆ ಮಳೆ ಬೀಳದ ಹಾಗೆ ಏನಾದರೂ ಹೊದಿಸಿದ್ದೀಯಾ ಇಲ್ವಾ?

ದಾಳಿಂಬೆ_ಕುಷ್ಟಗಿ

ಸದ್ಯಕ್ಕೆ ಗೊಬ್ಬರದ ಚೀಲ ಕಟ್ಟಿದ್ದೇನೆ ಅಣ್ಣಾ.